ಬಿಳಿ ತಾಯಿ, ಕಂದು ಮರಿ

"ಎಪ್ಪತ್ತೆರಡು ಗಂಟೆ," ಎಂದಿತು ಬಾಗಿಲ ಪಕ್ಕದ ಸ್ಪೀಕರ್. "ಅದರಲ್ಲಿ ಒಂದು ನಿಮಿಷಾನೂ ಕಡಿಮೆ ಆಗಲ್ಲ. ನಿಯಮ ನಾನು ಮಾಡಿದ್ದಲ್ಲ."

ತನಿಖೆಯಕ್ಕ ಬಾಗಿಲ ಹಿಡಿಯನ್ನು ಇನ್ನೊಮ್ಮೆ ಒತ್ತಿ ನೋಡಿದಳು. ಅದು ಅಲ್ಲಾಡಲಿಲ್ಲ. ಬಾಗಿಲ ನಡುವೆ ಅಂಗೈಯಗಲದ ದಪ್ಪ ಗಾಜು. ಅದರಾಚೆ ಸಂಶೋಧನಾ ಸಂಸ್ಥೆಯ ನಿರ್ದೇಶಕರ ಅರ್ಧ ಮುಖ ಮಾತ್ರ ಕಾಣುತ್ತಿತ್ತು.

"ಏನು ರೋಗ ಅಂತಾದ್ರೂ ಹೇಳಿ ಸಾರ್. ಮೂರು ದಿನ ಕೂರೋರಿಗೆ ಅಷ್ಟು ಗೊತ್ತಿರ್ಬೇಕಲ್ಲ."

"ಹೊಸಾ ವೈರಸ್ಸು. ಹೆಸರಿಲ್ಲ. ಬೆಳಿಗ್ಗೆ ಎಂಟಕ್ಕೆ ವರದಿ ಬಂತು."

"ನಾನು ಒಳಗೆ ಬಂದಿದ್ದು ಹನ್ನೊಂದಕ್ಕೆ. ನೀವೇ ಬಾಗಿಲು ತೆಗೆಸಿದ್ರಿ."

ಗಾಜಿನಾಚೆಯ ಕಣ್ಣು ಒಮ್ಮೆ ಮಿಟುಕಿತು. ಸ್ಪೀಕರ್ ಕಟ್ ಎಂದು ಸುಮ್ಮನಾಯಿತು. ನಿರ್ದೇಶಕರು ಗಾಜಿನಿಂದ ಸರಿದು ಹೋದರು.

ಹತ್ತೊಂಬತ್ತು ದಿನದ ಹಿಂದೆ ಪ್ರಯೋಗದ ಇಲಿ ಸಾಕುವ ಈ ಇಲಿಮನೆಯ ವಿಜ್ಞಾನಿ ನಾಲ್ಕೇ ದಿನದ ಜ್ವರಕ್ಕೆ ಸತ್ತಿದ್ದರು. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಕಿಡ್ನಿ ಕೈಕೊಟ್ಟಿತು ಎಂದು ಆಸ್ಪತ್ರೆಯವರು ಬರೆದುಕೊಟ್ಟರು. ಅದನ್ನು ನಂಬದವಳು ಅವರ ತಂಗಿ ಒಬ್ಬಳೇ. ಶಾಲೆಯ ಟೀಚರು. "ನನ್ನಣ್ಣನ್ನ ಯಾರೋ ಕೊಂದಿದ್ದಾರೆ, ಹುಡುಕಿಕೊಡಿ" ಎಂದು ಆಕೆ ಮನೆ ಬಾಗಿಲಿಗೆ ಬಂದದ್ದರಿಂದಲೇ ತನಿಖೆಯಕ್ಕ ಇವತ್ತು ಇಲ್ಲಿದ್ದಳು.

ಇಪ್ಪತ್ತೆರಡು ವರ್ಷ ಪೊಲೀಸ್ ಇಲಾಖೆಯಲ್ಲಿದ್ದು, ಒಂದು ದಿನ ಬೆಲ್ಟು ಬಿಚ್ಚಿ ಮೇಜಿನ ಮೇಲಿಟ್ಟು ಹೊರಬಂದವಳು ಅವಳು. ಆಮೇಲೆ ಜನಕ್ಕೆ ಅವಳನ್ನು ಮೇಡಂ ಅನ್ನಬೇಕೋ ಏನನ್ನಬೇಕೋ ತಿಳಿಯಲಿಲ್ಲ. ಯಾರೋ ತನಿಖೆಯಕ್ಕ ಅಂದರು, ಅದೇ ನಿಂತಿತು.

ಕೋಣೆಗೆ ಕಿಟಕಿ ಇರಲಿಲ್ಲ. ಐದು ಸಾಲು ಉಕ್ಕಿನ ಅಟ್ಟಣಿಗೆ, ಅದರ ತುಂಬ ಪಾರದರ್ಶಕ ಪ್ಲಾಸ್ಟಿಕ್ ಗೂಡುಗಳು, ಒಂದೊಂದರಲ್ಲೂ ಮೂರೋ ನಾಲ್ಕೋ ಬಿಳಿ ಇಲಿ. ಮರದ ಹೊಟ್ಟಿನ ವಾಸನೆ, ಅದರಡಿ ಉಚ್ಚೆಯ ಘಾಟು. ಚಾವಣಿಯಲ್ಲಿ ಗಾಳಿಯಂತ್ರದ ಗುಂಯ್ ಸದ್ದು. ಒಂದು ಸಿಂಕು, ಒಂದು ಔಷಧದ ಬೀರು, ಮೂಲೆಯಲ್ಲಿ ಮೇವಿನ ಚೀಲಗಳು. ಫೋನುಗಳೆಲ್ಲ ಹೊರಗಿನ ಲಾಕರಿನಲ್ಲಿ. ಇಲ್ಲಿ ಒಳಗೆ ಬರುವವರು ಚಪ್ಪಲಿ, ಫೋನು, ಗಡಿಯಾರ ಎಲ್ಲ ಬಿಟ್ಟು ಬರಬೇಕು.

ಒಳಗೆ ಸಿಕ್ಕಿಹಾಕಿಕೊಂಡವರು ತನಿಖೆಯಕ್ಕನೂ ಸೇರಿ ಮೂವರು. ಒಬ್ಬಳು ಡಾಕ್ಟರಮ್ಮ, ಈ ಪ್ರಾಣಿಗಳ ವೈದ್ಯೆ. ಮೂವತ್ತರ ಆಸುಪಾಸಿನ, ಮಾತು ಅಳೆದು ಆಡುವ ಹೆಣ್ಣು. ಇನ್ನೊಬ್ಬ ಮೂವತ್ತು ವರ್ಷದಿಂದ ಇಲ್ಲಿ ಗೂಡು ತೊಳೆದು, ನೀರಿಟ್ಟು, ಹೊಟ್ಟು ಬದಲಿಸುವ ಆಳು. ಎಲ್ಲರಿಗೂ ಆತ ಇಲಿಮಾವ.

ಇಲಿಮಾವ ಮೇವಿನ ಚೀಲಕ್ಕೆ ಒರಗಿ ಕೂತಿದ್ದ. "ಬಿಡಿ ಅಕ್ಕ," ಎಂದ. "ಮೂವತ್ತು ವರ್ಷ ಇವು ಒಳಗಿದ್ವು, ನಾನು ಹೊರಗಿನಿಂದ ನೋಡ್ತಿದ್ದೆ. ಈಗ ಒಂದು ಮೂರು ದಿನ ಅವೇ ನಮ್ಮನ್ನ ನೋಡ್ಲಿ."

ನಗಲು ಹೋಗಿ ಕೆಮ್ಮಿದ. ಡಾಕ್ಟರಮ್ಮ ನಗಲಿಲ್ಲ. ಗೋಡೆಯ ಗಡಿಯಾರ ನೋಡಿದಳು. ಹನ್ನೆರಡು ಹತ್ತು.

"ನಾಲ್ಕು ಗಂಟೆಗೆ ಏನಿದೆ?" ಎಂದಳು ತನಿಖೆಯಕ್ಕ.

"ಅಂದ್ರೆ?"

"ಬಾಗಿಲು ಬಿದ್ದಾಗಿಂದ ಆರು ಸಲ ಗಡಿಯಾರ ನೋಡಿದ್ರಿ. ಮೂರು ದಿನ ಇಲ್ಲಿರಬೇಕಾದವರು ಗಂಟೆ ನೋಡಲ್ಲ. ಒಂದ್ಸಲ ಬಾಯಲ್ಲೂ ಅಂದ್ರಿ, 'ನಾಲ್ಕಕ್ಕೆ ಇನ್ನೂ' ಅಂತ."

ಡಾಕ್ಟರಮ್ಮ ಸಿಂಕಿನ ಅಂಚಿಗೆ ಒರಗಿದಳು.

"ನಾಲ್ಕಕ್ಕೆ ನೀರಿನ ಮಂಡಳಿ ಸಭೆ. ಕಾರ್ಖಾನೆ ಹಿಂದಿನ ಬಡಾವಣೆ ಬಾವಿ ಗೊತ್ತಲ್ಲ, ಒಂಬತ್ತು ತಿಂಗಳಿಂದ ಮುಚ್ಚಿದೆ. ಇವತ್ತು ಅದನ್ನ ತೆಗೀಬೇಕೋ ಬೇಡವೋ ಅಂತ ತೀರ್ಮಾನ."

"ಅದಕ್ಕೂ ಇಲಿಗೂ?"

"ಮೇಷ್ಟ್ರು ಎರಡು ವರ್ಷ ಮಾಡಿದ್ದು ಅದೇ ಕೆಲಸ." ಡಾಕ್ಟರಮ್ಮ ಅಟ್ಟಣಿಗೆಗಳತ್ತ ಕೈ ಮಾಡಿದಳು. "ಆ ನೀರಲ್ಲಿ ಕಾರ್ಖಾನೆಯ ಲೋಹ ಇದೆ. ಮಿತಿ ಒಳಗೇ ಇದೆ. ಕಾಗದದ ಪ್ರಕಾರ ಯಾರು ಬೇಕಾದ್ರೂ ಕುಡೀಬಹುದು. ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ. ಮಿತಿ ಅನ್ನೋದು ಯಾರ ಮೈಗೆ?"

"ಬಿಡಿಸಿ ಹೇಳಿ. ನಾನು ಓದಿದ್ದು ಕಾನೂನು."

"ಮೈಗೆ ಸೇರಿದ ಲೋಹನ ಹೊರಗೆ ದಬ್ಬೋಕೆ ಒಂದು ಜೀನು ಕೆಲಸ ಮಾಡುತ್ತೆ. ಕೆಲವರಲ್ಲಿ ಅದು ಮಂಕು. ಹುಟ್ಟಿನಿಂದಲೇ. ಮೇಷ್ಟ್ರು ಆ ಜೀನು ಚುರುಕಾಗಿರೋ ಇಲಿಗಳನ್ನ ಒಂದು ಕಡೆ ಇಟ್ರು, ಮಂಕಾಗಿರೋವನ್ನ ಇನ್ನೊಂದು ಕಡೆ. ಎರಡಕ್ಕೂ ಅದೇ ಬಾವಿ ನೀರು. ಚುರುಕಾದವು ಚೆನ್ನಾಗೇ ಇದ್ವು. ಮಂಕಾದವುಗಳ ಮಕ್ಕಳಿಗೆ ಆರು ತಿಂಗಳಿಗೇ ಕಿಡ್ನಿ ಹೋಯ್ತು. ಆಮೇಲೆ ಬಡಾವಣೆಯವರ ಎಂಜಲು ತಗೊಂಡು ಪರೀಕ್ಷೆ ಮಾಡಿಸಿದ್ರು. ಐದು ಮನೆಗೆ ಒಂದು ಮನೇಲಿ ಅದೇ ಮಂಕು ಜೀನು."

"ಎಷ್ಟು ಜನ ಆ ಬಡಾವಣೇಲಿ?"

"ಸಾವಿರದ ಇನ್ನೂರು."

ತನಿಖೆಯಕ್ಕ ಲೆಕ್ಕ ಹಾಕಲಿಲ್ಲ. ಐದನೇ ಮನೆಯ ಅಡುಗೆಕೋಣೆ, ಅಲ್ಲಿನ ಕೊಡ, ಅದರ ಪಕ್ಕ ಲೋಟ ಹಿಡಿದು ನಿಂತ ಮಗು, ಇಷ್ಟೇ ಅವಳ ಕಣ್ಣಿಗೆ ಬಂದದ್ದು.

"ಮೇಷ್ಟ್ರ ವರದಿ ಸಭೇಲಿ ಓದ್ತಾರಲ್ಲ?"

"ಅವರ ತಂಗಿ ಓದ್ತಾರೆ, ಅಣ್ಣನ ಪರವಾಗಿ. ಆದ್ರೆ ನಮ್ಮ ನಿರ್ದೇಶಕರು ಎದ್ದು ನಿಂತು, ಆ ಇಲಿಗಳಿಗೆ ಸೋಂಕು ತಗುಲಿದೆ, ಕಿಡ್ನಿ ಹೋಗಿದ್ದು ಸೋಂಕಿನಿಂದ, ನೀರಿನಿಂದಲ್ಲ ಅಂದುಬಿಟ್ರೆ ಮುಗೀತು. ಸೋಂಕು ಬಂದ ಇಲಿಯ ಮಾತನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ವರದಿ ಕಸದ ಬುಟ್ಟಿಗೆ. ಬಾವಿಯ ಪಂಪು ಚಾಲೂ."

"ಇಲಿಗಳ ಗತಿ?"

"ಸುಡ್ತಾರೆ."

ಆಗಲೇ ಮೂಲೆಯಿಂದ ಧೊಪ್ಪೆಂದು ಸದ್ದಾಯಿತು.

ಇಲಿಮಾವ ಚೀಲದಿಂದ ಪಕ್ಕಕ್ಕೆ ವಾಲಿದ್ದ. ಹಲ್ಲು ಕಟಕಟ ಎನ್ನುತ್ತಿತ್ತು. ತನಿಖೆಯಕ್ಕ ಓಡಿಹೋಗಿ ತಲೆಯಡಿ ಕೈ ಕೊಟ್ಟಳು. ಹಣೆ ಕಾದ ಹೆಂಚಾಗಿತ್ತು.

"ಎಷ್ಟು ದಿನದಿಂದ ಮಾವ?"

"ಮೊನ್ನೆಯಿಂದ. ಏನಿಲ್ಲ ಅಕ್ಕ, ಮೈಕೈ ನೋವು. ರಜಾ ಹಾಕಿದ್ರೆ ಇವಕ್ಕೆ ನೀರಿಡೋರು ಯಾರು."

ಡಾಕ್ಟರಮ್ಮ ಮಂಡಿಯೂರಿದಳು. ಅವಳು ಹಣೆ ಮುಟ್ಟಲಿಲ್ಲ. ನಾಡಿ ಹಿಡಿಯಲಿಲ್ಲ. ಮೊದಲು ಅವನ ಕೆಳರೆಪ್ಪೆ ಎಳೆದು ಕಣ್ಣು ನೋಡಿದಳು. ಬಿಳಿಭಾಗ ಕೆಂಪೇರಿತ್ತು. ಆಮೇಲೆ ಪ್ಯಾಂಟಿನ ಮೇಲಿಂದಲೇ ಅವನ ಮೀನಖಂಡ ಒತ್ತಿದಳು. ಅವನು ಅಯ್ಯೋ ಎಂದು ಕಾಲೆಳೆದುಕೊಂಡ.

ಡಾಕ್ಟರಮ್ಮ ಎದ್ದವಳೇ ಬೀರು ತೆಗೆದು ಒಂದು ಚಿಕ್ಕ ಸೀಸೆ, ಸಿರಿಂಜು ತಂದಳು.

"ಮಾವ, ಪೆನ್ಸಿಲಿನ್ ಇಂಜೆಕ್ಷನ್ ಯಾವತ್ತಾದ್ರೂ ತಗೊಂಡಿದೀರಾ? ಮೈಗೆ ಆಗಿಬರ್ತಾ?"

"ಸಣ್ಣವನಿದ್ದಾಗ ಕಾಲಿಗೆ ಮೊಳೆ ಚುಚ್ಚಿ ಹಾಕಿಸಿದ್ರು. ಸಾಯಲಿಲ್ಲ."

"ಇದು ಪ್ರಾಣಿಗಳಿಗೆ ಇಟ್ಟಿರೋದು. ಔಷಧಿ ಅದೇ. ಪ್ರಮಾಣ ನಾನು ನೋಡ್ಕೋತೀನಿ."

"ಚುಚ್ಚಮ್ಮ. ಸೂಜಿಗೆ ಇವನ್ನ ನಾನೆಷ್ಟು ಸಲ ಹಿಡ್ಕೊಟ್ಟಿಲ್ಲ, ಒಂದಾದ್ರೂ ಹಿಂಗೆ ಕಿರುಚ್ತಾ?"

ಸೂಜಿ ಒಳಗೆ ಹೋಯಿತು. ಅವನು ಕಿರುಚಲಿಲ್ಲ. ಡಾಕ್ಟರಮ್ಮ ತನ್ನ ಬಿಳಿ ಕೋಟು ತೆಗೆದು ಅವನಿಗೆ ಹೊದಿಸಿದಳು. ಸಿರಿಂಜು ಎಸೆಯಲು ಸಿಂಕಿನತ್ತ ತಿರುಗಿದಾಗ ತನಿಖೆಯಕ್ಕ ಅವಳ ದಾರಿಗೆ ಅಡ್ಡ ನಿಂತಿದ್ದಳು.

"ಹೊಸಾ ವೈರಸ್ಸು, ಹೆಸರಿಲ್ಲ ಅಂದ್ರು ಸಾಹೇಬ್ರು," ಎಂದಳು ಮೆಲ್ಲಗೆ. "ನೀವು ಆ ಮಾತು ಕೇಳಿಸ್ಕೊಂಡು ತಲೆ ಆಡಿಸಿದ್ರಿ. ಈಗ ಮಾವನಿಗೆ ಜ್ವರ ಬಂತು. ವೈರಸ್ಸಿಗೆ ಪೆನ್ಸಿಲಿನ್ ನಾಟಲ್ಲ ಅನ್ನೋದು ನನಗೂ ಗೊತ್ತು. ನೀವು ಒಂದು ಕ್ಷಣ ಯೋಚಿಸ್ಲಿಲ್ಲ. ಕಣ್ಣು ನೋಡಿದ್ರಿ, ಕಾಲು ಒತ್ತಿದ್ರಿ, ಸೀಸೆ ತಂದ್ರಿ. ಅದು ಏನಂತ ನಿಮಗೆ ಮೊದಲೇ ಗೊತ್ತಿತ್ತು."

ಡಾಕ್ಟರಮ್ಮ ಸಿರಿಂಜಿನ ಸೂಜಿಗೆ ಮುಚ್ಚಳ ಸಿಕ್ಕಿಸಿದಳು.

"ಗೊತ್ತಿತ್ತೋ ಇಲ್ಲವೋ?"

"ಇಲಿಜ್ವರ," ಎಂದಳು ಕೊನೆಗೆ. "ಹಳೇ ಕಾಯಿಲೆ. ಇಲಿಯ ಉಚ್ಚೇಲಿ ಇರುತ್ತೆ. ಕೈಯಲ್ಲಿ ಗಾಯ ಇದ್ದು ಅದು ತಾಗಿದ್ರೆ ಮನುಷ್ಯನಿಗೆ ಬರುತ್ತೆ. ಬೇಗ ಗೊತ್ತಾದ್ರೆ ಒಂದು ಇಂಜೆಕ್ಷನ್ನಿಗೆ ಹೋಗುತ್ತೆ. ತಡವಾದ್ರೆ ಕಿಡ್ನಿ."

"ಮೇಷ್ಟ್ರು ಸತ್ತಿದ್ದು?"

"ಅದರಿಂದಲೇ ಇರ್ಬೇಕು. ಅವರಿಗೆ ಮೊದಲೇ ಕಿಡ್ನಿ ತೊಂದರೆ ಇತ್ತು, ಹಾಗಾಗಿ ಆಸ್ಪತ್ರೇಲಿ ಯಾರೂ ಬೇರೆ ಯೋಚನೆ ಮಾಡ್ಲಿಲ್ಲ."

"ನಿಮಗೆ ಯಾವಾಗ ತಿಳೀತು?"

"ಎಂಟು ದಿನ ಆಯ್ತು. ಒಂದು ತಾಯಿ ಇಲಿಯ ಉಚ್ಚೆ ಪರೀಕ್ಷೆ ಮಾಡಿದೆ. ತಲೆ ಗಿರ್ರಂತು. ಹೋಗಿ ನಿರ್ದೇಶಕರಿಗೆ ಹೇಳಿದೆ. ಸಭೆ ಮುಗಿಯೋವರೆಗೂ ಬಾಯಿ ಬಿಡಬೇಡಿ ಅಂದ್ರು. ಈ ಇಲಿಮನೆಗೆ ರೋಗ ಇಲ್ಲ ಅಂತ ಪ್ರತಿ ತಿಂಗಳು ಸಹಿ ಹಾಕೋಳು ನಾನು. ನನ್ನ ಸಹಿ, ನನ್ನ ಕೆಲಸ. ನಾನು ಸುಮ್ಮನಾದೆ. ಇವತ್ತು ಅವರು ವೈರಸ್ಸು ಅಂದಾಗ ಸುಳ್ಳು ಅಂತ ಗೊತ್ತಿದ್ದೂ ಸುಮ್ಮನಾದೆ. ಇಲಿಜ್ವರ ಮನುಷ್ಯನಿಂದ ಮನುಷ್ಯನಿಗೆ ಹಾಗೆ ಹರಡಲ್ಲ. ಇದಕ್ಕೆ ಬಾಗಿಲು ಹಾಕೋ ನಿಯಮವೇ ಇಲ್ಲ."

ಎಂಟು ದಿನ. ಮಾವನಿಗೆ ಜ್ವರ ಬಂದದ್ದು ಮೊನ್ನೆ. ತನಿಖೆಯಕ್ಕ ಆ ಮಾತನ್ನು ಆಡಲಿಲ್ಲ. ಆಡುವ ಅಗತ್ಯವಿರಲಿಲ್ಲ. ಡಾಕ್ಟರಮ್ಮ ಕೋಟು ಹೊದ್ದು ನಡುಗುತ್ತಿದ್ದ ಮುದುಕನನ್ನೇ ನೋಡುತ್ತಿದ್ದಳು.

"ಒಳಗಿನ ಇಲಿಗೆ ಈ ರೋಗ ಹೇಗೆ ಬಂತು?"

"ಬರೋಕೆ ಸಾಧ್ಯವೇ ಇಲ್ಲ. ಇವು ತಲೆಮಾರುಗಳಿಂದ ಇಲ್ಲೇ ಹುಟ್ಟಿ ಇಲ್ಲೇ ಸಾಯೋವು. ಹೊರಗಿನ ಇಲಿಯೊಂದು ಒಳಗೆ ಬಂದಿದ್ರೆ ಮಾತ್ರ."

"ಆ ತಾಯಿ ಇಲೀನ ತೋರಿಸಿ."

ಮೂರನೇ ಸಾಲು, ತುದಿಯ ಗೂಡು. ಡಾಕ್ಟರಮ್ಮ ಗ್ಲೌಸು ಹಾಕಿಕೊಂಡು ಅದನ್ನು ಹೊರಗೆಳೆದಳು. ಬಿಳಿಯ ತಾಯಿ, ಕೆಂಪು ಕಣ್ಣು, ಹೊಟ್ಟಿನ ಗೂಡಿನೊಳಗೆ ಮೈ ಅಗಲಿಸಿ ಮಲಗಿತ್ತು. ಡಾಕ್ಟರಮ್ಮ ಮೆಲ್ಲಗೆ ಅದನ್ನು ಸರಿಸಿದಳು. ಕೆಳಗೆ ಹೆಬ್ಬೆರಳಿನಷ್ಟು ಮರಿಗಳು, ಒಂದರ ಮೇಲೊಂದು. ಏಳು. ಕಣ್ಣು ಇನ್ನೂ ಬಿಟ್ಟಿರಲಿಲ್ಲ. ಮೈಮೇಲೆ ಆಗಷ್ಟೇ ರೋಮ ಬಂದಿತ್ತು.

ಏಳೂ ಕಂದು ಬಣ್ಣದವು.

ಗೂಡಿನ ಚೀಟಿಯ ಮೇಲೆ ಬರೆದಿತ್ತು: ತಾಯಿ ಬಿಳಿ, ತಂದೆ ಬಿಳಿ.

"ಬಿಳಿಗೂ ಬಿಳಿಗೂ ಕಂದು ಹುಟ್ಟುತ್ತಾ?" ಎಂದಳು ತನಿಖೆಯಕ್ಕ.

"ಇಲ್ಲ." ಡಾಕ್ಟರಮ್ಮನ ಧ್ವನಿ ಬದಲಾಯಿತು. ಈಗ ಅವಳು ಹೆದರಿದ ಹೆಂಗಸಲ್ಲ, ಪಾಠ ಬಲ್ಲವಳು. "ಈ ಇಲಿಗಳಲ್ಲಿ ಬಣ್ಣ ಮಾಡೋ ಜೀನೇ ಕೆಟ್ಟಿದೆ. ಅಪ್ಪನದ್ದೂ ಕೆಟ್ಟಿದ್ದು, ಅಮ್ಮನದ್ದೂ ಕೆಟ್ಟಿದ್ದು ಅಂದ ಮೇಲೆ ಮಕ್ಕಳಿಗೆ ಬಣ್ಣ ಬರೋದೆಲ್ಲಿಂದ? ನೂರು ಸಲ ಹೆತ್ತರೂ ನೂರೂ ಬಿಳಿ. ಇವುಗಳಪ್ಪ ಕಂದು. ಹೊರಗಿನದು."

"ಹೊರಗಿನ ಗಂಡಿಲಿ ಈ ಗೂಡಿಗೆ ತಾನಾಗಿ ಬಂದಿರ್ಬಹುದಾ?"

"ಮುಚ್ಚಳ ನೋಡಿ. ಇರುವೆ ಬರ್ಬಹುದು, ಇಲಿ ಬರಲ್ಲ. ಯಾರೋ ಬಿಟ್ಟಿದ್ದು."

ತನಿಖೆಯಕ್ಕ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಮರಿಗಳು ತಾಯಿಯ ಬಿಸುಪು ಹುಡುಕುತ್ತ ಕುರುಡಾಗಿ ತೆವಳುತ್ತಿದ್ದವು. ಇಷ್ಟು ಹೊತ್ತು ಅವಳಿಗೆ ಈ ಕೋಣೆಯ ಗೋಡೆಗಳು ಒಂದೊಂದೇ ಹೆಜ್ಜೆ ಹತ್ತಿರ ಬರುತ್ತಿದ್ದ ಹಾಗಿತ್ತು. ಈಗ ಮೊದಲ ಸಲ ಗಾಳಿಯಾಡಿತು.

"ಇವಕ್ಕೆ ಎಷ್ಟು ದಿನ?"

ಡಾಕ್ಟರಮ್ಮ ಚೀಟಿ ತಿರುಗಿಸಿದಳು. "ಹುಟ್ಟಿ ಹನ್ನೊಂದು ದಿನ. ಮಾವ ಬರೆದಿದಾರೆ."

"ಬಸಿರು ಎಷ್ಟು ದಿನ?"

"ಇಪ್ಪತ್ತು. ಆಚೆ ಈಚೆ ಒಂದು ದಿನ."

"ಹಾಗಾದ್ರೆ ಆ ಗಂಡು ಇಲ್ಲಿಗೆ ಬಂದಿದ್ದು ಮೂವತ್ತೊಂದು ದಿನದ ಹಿಂದೆ. ಮೇಷ್ಟ್ರಿಗೆ ಜ್ವರ ಬಂದಿದ್ದು?"

"ಇಪ್ಪತ್ಮೂರು ದಿನದ ಹಿಂದೆ." ಡಾಕ್ಟರಮ್ಮ ಬೆರಳು ಮಡಿಸಿದಳು. "ಎಂಟು ದಿನಕ್ಕೆ. ಈ ಜ್ವರ ಏಳೋದಕ್ಕೆ ಸರಿಯಾಗಿ ಅಷ್ಟೇ ಬೇಕು. ಅವರು ಗಾಜಿನ ಪೈಪೆಟ್ಟು ಒಡೆದು ಬೆರಳು ಕುಯ್ದುಕೊಂಡಿದ್ರು. ಪಟ್ಟಿ ಕಟ್ಕೊಂಡೇ ಗೂಡುಗಳಿಗೆ ಕೈ ಹಾಕ್ತಿದ್ರು."

"ಇನ್ನೊಂದು. ಮಂಕು ಇಲಿಗಳ ಕಿಡ್ನಿ ಹಾಳಾಗಿದ್ದು ಯಾವಾಗ?"

"ಐದು ತಿಂಗಳಾಯ್ತು. ಮೇಣದಲ್ಲಿ ಹುದುಗಿಸಿಟ್ಟ ಆ ಕಿಡ್ನಿ ತುಣುಕುಗಳು ಮೇಷ್ಟ್ರ ಬೀರುವಿನಲ್ಲಿವೆ." ಅವಳು ಥಟ್ಟನೆ ತಲೆಯೆತ್ತಿದಳು.

"ಕಿಡ್ನಿ ಹೋಗಿದ್ದು ಐದು ತಿಂಗಳ ಹಿಂದೆ. ರೋಗ ಒಳಗೆ ಬಂದಿದ್ದು ಒಂದು ತಿಂಗಳ ಹಿಂದೆ. ಮಗ ಹುಟ್ಟೋ ಮುಂಚೆ ಮೊಮ್ಮಗ ಹುಟ್ಟಲ್ಲ, ಅಲ್ವಾ ಡಾಕ್ಟರಮ್ಮ?"

"ಈ ಮರಿಗಳೇ ತಾರೀಖು," ಎಂದಳು ಡಾಕ್ಟರಮ್ಮ. "ಇವನ್ನ ಸಭೇಲಿ ತೋರಿಸಿದ್ರೆ ಸಾಕು. ನೀರಿನದೇ ತಪ್ಪು ಅಂತ ಆಗುತ್ತೆ."

"ಅದಕ್ಕೇ ಸುಡೋ ಅವಸರ. ಅದಕ್ಕೇ ಬಾಗಿಲು."

ಗಡಿಯಾರ ಒಂದೂವರೆ ತೋರಿಸುತ್ತಿತ್ತು.

ತನಿಖೆಯಕ್ಕ ಎದ್ದು ಬಾಗಿಲ ತನಕ ಹೋಗಿ ಬಂದಳು. ಹನ್ನೆರಡು ಹೆಜ್ಜೆ. ಮತ್ತೆ ಹೋಗಿ ಬಂದಳು. ಆ ಉಕ್ಕನ್ನು ಒಡೆಯಲು ಇಲ್ಲಿ ನೀರಿನ ಬಾಟಲಿ, ಹೊಟ್ಟಿನ ಮೂಟೆ ಬಿಟ್ಟು ಏನಿತ್ತು? ಒಡೆಯಬೇಕಾದ್ದು ಬೇರೆ ಇತ್ತು.

"ಮೂವತ್ತೊಂದು ದಿನದ ಹಿಂದೆ ಈ ಕೋಣೆಗೆ ಬರಬಲ್ಲವರು ನಾಲ್ಕೇ ಜನ," ಎಂದಳು. "ನೀವು ಎಲ್ಲಿದ್ರಿ?"

"ಅಕ್ಕನ ಬಾಣಂತನಕ್ಕೆ ಹೋಗಿದ್ದೆ. ಹದಿನೈದು ದಿನ ಊರಲ್ಲೇ ಇರಲಿಲ್ಲ. ವಿಚಾರಿಸಿ ಬೇಕಾದ್ರೆ."

"ನಿರ್ದೇಶಕರು?"

ಡಾಕ್ಟರಮ್ಮನ ತುಟಿಯಂಚು ಇಷ್ಟೇ ಅಲುಗಿತು. "ಇಲಿ ಕಂಡ್ರೆ ಅವರು ಕುರ್ಚಿ ಹತ್ತುತ್ತಾರೆ. ಆರು ವರ್ಷದಲ್ಲಿ ಒಂದ್ಸಲಾನೂ ಈ ಹೊಸಿಲು ದಾಟಿಲ್ಲ. ಗಾಜಲ್ಲೇ ನೋಡೋದು."

"ಮೇಷ್ಟ್ರು ತಮ್ಮ ಎರಡು ವರ್ಷದ ಕೆಲಸಕ್ಕೆ ತಾವೇ ಬೆಂಕಿ ಇಡ್ತಾರಾ?"

"ಇಲ್ಲ."

ನಾಲ್ಕರಲ್ಲಿ ಮೂರು ಕಳೆದರೆ ಉಳಿಯುವುದು ಎಷ್ಟು ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಅದನ್ನು ಮೊದಲು ಬಾಯಿಬಿಟ್ಟು ಹೇಳುವುದು ಇಬ್ಬರಿಗೂ ಬೇಡವಾಗಿತ್ತು.

ತನಿಖೆಯಕ್ಕ ಚೀಲದ ಪಕ್ಕ ನೆಲದ ಮೇಲೆ ಕೂತಳು. ಇಲಿಮಾವ ಕಣ್ಣು ಮುಚ್ಚಿದ್ದ. ನಿದ್ದೆ ಬಂದಿರಲಿಲ್ಲ. ರೆಪ್ಪೆ ಅದುರುತ್ತಿತ್ತು.

"ಮಾವ. ಮರಿ ಹುಟ್ಟಿದಾಗ ಎಲ್ಲ ಮರೀನೂ ಗುಲಾಬಿ ಬಣ್ಣ, ಮೈಮೇಲೆ ರೋಮ ಇರಲ್ಲ, ಅಲ್ವಾ?"

"ಹೂಂ."

"ಬಿಳಿ ಯಾವುದು, ಕಂದು ಯಾವುದು ಅಂತ ನಿಮಗೆ ಯಾವಾಗ ಗೊತ್ತಾಗುತ್ತೆ?"

ಅವನು ಬೆರಳೆತ್ತಿ ತನ್ನ ಮುಚ್ಚಿದ ರೆಪ್ಪೆ ಮುಟ್ಟಿದ.

"ಹುಟ್ಟಿದ ದಿನವೇ," ಎಂದ. "ರೆಪ್ಪೆ ಮುಚ್ಚಿದ್ರೂ ಒಳಗೆ ಕಣ್ಣು ಕಾಣುತ್ತೆ ಅಕ್ಕ. ಬಿಳಿಯದಾದ್ರೆ ಬರೀ ಚರ್ಮ. ಬಣ್ಣದ್ದಾದ್ರೆ ಸಾಸಿವೆ ಕಾಳಿನ ಹಂಗೆ ಕಪ್ಪು ಚುಕ್ಕಿ."

"ಹನ್ನೊಂದು ದಿನದ ಹಿಂದೆ ಆ ಚುಕ್ಕಿ ನೋಡಿದ್ರಿ. ಚೀಟೀಲಿ ಹುಟ್ಟಿದ ತಾರೀಖು ಬರೆದ್ರಿ. ಬಣ್ಣ ಬರೀಲಿಲ್ಲ. ಯಾರಿಗೂ ಹೇಳ್ಲಿಲ್ಲ."

ಮುದುಕನ ಮುಚ್ಚಿದ ರೆಪ್ಪೆಯಡಿಯಿಂದ ನೀರು ಜಾರಿ ಕಿವಿಗೆ ಹೋಯಿತು.

"ಆ ಗಂಡನ್ನ ಒಳಗೆ ತಂದಿದ್ದು ನಾನೇ," ಎಂದ.

ಡಾಕ್ಟರಮ್ಮ ಗೋಡೆಗೆ ಒರಗಿದಳು.

"ಮೂರು ದಿನ ಆ ಗೂಡಲ್ಲಿ ಇಟ್ಟಿದ್ದೆ. ಆಮೇಲೆ ಡಬ್ಬೀಲಿ ಹಾಕಿ ವಾಪಸ್ಸು ಕೊಟ್ಟೆ. ರೋಗ ಇದೆ ಅಂತ ನನಗೆ ಯಾರು ಹೇಳಿದ್ರು? ನೋಡೋಕೆ ಚೆನ್ನಾಗಿತ್ತು, ಗುಂಡಗೆ. ಇಲಿಗೆ ಆ ರೋಗ ಇದ್ರೂ ಅದು ಆಡ್ಕೊಂಡಿರುತ್ತಂತಲ್ಲ. ಮೇಷ್ಟ್ರಿಗೆ ಜ್ವರ ಬಂದಾಗ ನಾನೇ ಗಂಜಿ ಮಾಡ್ಕೊಂಡು ಹೋಗಿದ್ದೆ. ದಿನಾ ಮಧ್ಯಾಹ್ನ ಈ ಚೀಲದ ಮೇಲೇ ಕೂತು ಇಬ್ರೂ ಡಬ್ಬಿ ಬಿಚ್ಚಿ ಉಣ್ತಿದ್ವಿ ಅಕ್ಕ. ಹದಿನಾಲ್ಕು ವರ್ಷ. ನನ್ನ ಕೈಯಾರೆ."

ತನಿಖೆಯಕ್ಕ ಅವನ ಕೈ ಹಿಡಿದಳು. ಬೆರಳುಗಳು ವರ್ಷಗಟ್ಟಲೆ ಸೋಪಿನ ನೀರಲ್ಲಿ ನೆಂದು ಸೀಳು ಸೀಳಾಗಿದ್ದವು. ರೋಗ ಒಳಗೆ ಹೋದ ದಾರಿ ಅದೇ.

"ವಾಪಸ್ಸು ಕೊಟ್ಟೆ ಅಂದ್ರಿ. ಯಾರಿಗೆ?"

ಅವನು ತಲೆಯಾಡಿಸಿದ.

"ಮಾವ, ನಾಲ್ಕಕ್ಕೆ ಆ ಬಾವಿ ತೆಗೀತಾರೆ. ಹೆಸರು ಹೇಳಿ. ನಿರ್ದೇಶಕರಾ?"

"ಅಲ್ಲ." ಕಣ್ಣು ತೆರೆದ. ಕೆಂಪು ಕಣ್ಣು. "ಅವರಾಗಿದ್ರೆ ನಾನು ಚೀಟಿ ಕೇಳ್ತಿದ್ದೆ, ಸಹಿ ಕೇಳ್ತಿದ್ದೆ. ಮೇಷ್ಟ್ರ ಮನೆಯವರ ಹತ್ರ ಏನಂತ ಕೇಳೋದು? ತಂಗಿ ಬಂದು ಅಣ್ಣ ಹೇಳಿ ಕಳಿಸಿದಾನೆ ಅಂದ್ರೆ, ಅಣ್ಣನ ಹತ್ರ ಹೋಗಿ ನಿಜಾನಾ ಅಂತ ಕೇಳೋಕಾಗುತ್ತಾ?"

ತನಿಖೆಯಕ್ಕನ ಕೈ ಅವನ ಕೈಯ ಮೇಲೆ ಹಾಗೇ ನಿಂತಿತು.

"ಟೀಚರಮ್ಮ?"

"ಶಾಲೆ ಉಗ್ರಾಣದಲ್ಲಿ ಇಲಿ ಜಾಸ್ತಿ. ಬೋನಿಟ್ಟು ಹಿಡಿದು ಅಣ್ಣನಿಗೆ ಆಗಾಗ ತಂದುಕೊಡ್ತಿದ್ರು, ಹೊರಗಿನ ಇಲಿ ಹೇಗಿರುತ್ತೆ ಅಂತ ಮೇಷ್ಟ್ರು ನೋಡ್ತಿದ್ರು. ಅವೆಲ್ಲ ಹಿಂದಿನ ಶೆಡ್ಡಿಗೆ. ಆವತ್ತು ಒಂದೇ ಡಬ್ಬಿ ತಂದ್ರು. ಇದನ್ನ ಮಾತ್ರ ಒಳಗೆ ಬಿಡ್ಬೇಕಂತೆ ಮಾವ, ಮೂರನೇ ಸಾಲಿನ ತುದೀಲಿ, ಮೂರು ದಿನ, ಅಣ್ಣ ಹೇಳಿದಾನೆ ಅಂದ್ರು. ನಾಲ್ಕನೇ ದಿನ ಬಂದು ತಗೊಂಡು ಹೋದ್ರು."

ಗಾಳಿಯಂತ್ರ ಗುಂಯ್ಗುಟ್ಟುತ್ತಿತ್ತು. ಡಾಕ್ಟರಮ್ಮ ಕೆಳದನಿಯಲ್ಲಿ, "ಅವರೇ ಅಲ್ವಾ ನಿಮ್ಮನ್ನ ಕರೆಸಿದ್ದು?" ಎಂದಳು.

ತನಿಖೆಯಕ್ಕನಿಗೆ ಆ ಸಂಜೆ ನೆನಪಾಯಿತು. ಮೆಟ್ಟಿಲ ಮೇಲೆ ಚಪ್ಪಲಿ ಸಾಲಾಗಿ ಬಿಟ್ಟು ಒಳಗೆ ಬಂದ ಹೆಂಗಸು, ಮಡಿಸಿದ ಕರ್ಚೀಫು, ಒಮ್ಮೆಯೂ ಅಳದ ಮುಖ. ದುಃಖ ಗಟ್ಟಿಯಾದರೆ ಹಾಗಿರುತ್ತದೆ ಎಂದುಕೊಂಡಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಎಷ್ಟೋ ಮುಖ ಓದಿದವಳು, ಆ ಮುಖವನ್ನು ತನಗೆ ಬೇಕಾದ ಹಾಗೆ ಓದಿಕೊಂಡಿದ್ದಳು.

ಕೊಂದವಳೇ ಕೊಲೆಗಾರನನ್ನು ಹುಡುಕಿಕೊಡಿ ಎಂದು ಯಾಕೆ ಬರುತ್ತಾಳೆ? ಅಣ್ಣನ ಕೆಲಸ ಕೆಡಿಸಿದವಳೇ ಅದೇ ವರದಿಯನ್ನು ಸಭೆಯಲ್ಲಿ ಓದುತ್ತೇನೆ ಎಂದು ಯಾಕೆ ನಿಲ್ಲುತ್ತಾಳೆ? ಅಥವಾ ಆ ಡಬ್ಬಿಯನ್ನು ಅವಳ ಕೈಗೂ ಇನ್ಯಾರೋ ಕೊಟ್ಟಿದ್ದರೇ?

ಸ್ಪೀಕರ್ ಕರಕರ ಎಂದಿತು. ಮೂವರೂ ಬೆಚ್ಚಿದರು. ಗಡಿಯಾರದಲ್ಲಿ ಎರಡು ಹತ್ತು.

"ಅಕ್ಕ, ಕೇಳಿಸ್ತಿದೆಯಾ?" ನಿರ್ದೇಶಕರ ಧ್ವನಿಯಲ್ಲಿ ಮುಂಚಿನ ಗತ್ತು ಇ‌ರಲಿಲ್ಲ. "ಇಲ್ಲಿ ಮೇಷ್ಟ್ರ ತಂಗಿ ಬಂದಿದ್ದಾರೆ. ಮಾವನಿಗೆ ಜ್ವರವಂತೆ, ಔಷಧಿ ತಂದಿದಾರೆ. ಒಳಗೆ ಹೋಗ್ಲೇಬೇಕು ಅಂತಿದಾರೆ. ಹೋದ್ರೆ ಮೂರು ದಿನ ಹೊರಗೆ ಬರೋಹಾಗಿಲ್ಲ ಅಂದೆ. ಅದಕ್ಕೂ ಸಹಿ ಹಾಕಿಕೊಟ್ರು."

ತನಿಖೆಯಕ್ಕ ಡಾಕ್ಟರಮ್ಮನ ಮುಖ ನೋಡಿದಳು. "ಮಾವನಿಗೆ ಜ್ವರ ಅಂತ ನೀವು ಹೊರಗೆ ಹೇಳಿದ್ರಾ?"

"ಯಾರಿಗೆ ಹೇಳ್ಲಿ? ನನಗೇ ಗೊತ್ತಾಗಿದ್ದು ಈಗ."

"ಮಾವ, ನೀವು?"

"ಮನೇಲೂ ಹೇಳಿಲ್ಲ ಅಕ್ಕ."

ಹೊರಗಿನ ಬಾಗಿಲು ತೆಗೆದ ಸದ್ದು. ಈ ಕೋಣೆಗೆ ಎರಡು ಬಾಗಿಲು, ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಹೊರಗಿನದು ಬೀಗ ಬಿದ್ದ ಮೇಲೆಯೇ ಒಳಗಿನದು ತೆರೆಯುವುದು. ನುಗ್ಗಿ ಹೊರಹೋಗುವ ಮಾತೇ ಇರಲಿಲ್ಲ.

ನಾಲ್ಕು ಗಂಟೆಗೆ ಸಭೆಯಲ್ಲಿ ಅಣ್ಣನ ವರದಿ ಓದಬೇಕಾದವಳು, ಎರಡು ಗಂಟೆಗೆ ಇಲ್ಲಿ ತಾನಾಗಿ ಬೀಗದೊಳಗೆ ಬರುತ್ತಿದ್ದಳು.

ತನಿಖೆಯಕ್ಕ ಎದ್ದಳು. ಮೂರನೇ ಸಾಲಿನ ಗೂಡನ್ನು ಒಳಗೆ ತಳ್ಳಿ, ಅದರ ಮುಂದೆ ಬೇರೆ ಗೂಡೊಂದನ್ನು ಎಳೆದಿಟ್ಟಳು. "ಡಾಕ್ಟರಮ್ಮ, ಸಿರಿಂಜು ಮರೆಮಾಡಿ. ಮಾವನಿಗೆ ಔಷಧಿ ಕೊಟ್ಟಿದ್ದು ಅವರಿಗೆ ಗೊತ್ತಾಗ್ಬಾರದು. ಮಾವ, ಕಣ್ಣು ಮುಚ್ಚಿ. ಏನು ಕೇಳಿದ್ರೂ ತೆರೀಬೇಡಿ. ಅವರು ತಂದ ಒಂದು ಹನೀನೂ ನಿಮ್ಮ ಬಾಯಿಗೆ ಹೋಗ್ಬಾರದು."

ಹೊರಗಿನ ಬಾಗಿಲು ಮುಚ್ಚಿತು. ಬೀಗ ಬಿತ್ತು. ಒಳಗಿನದು ಮೆಲ್ಲಗೆ ತೆರೆಯಿತು.

ಟೀಚರಮ್ಮ ಬರಿಗಾಲಲ್ಲಿ ಹೊಸಿಲ ಮೇಲೆ ನಿಂತಿದ್ದಳು. ಕೈಯಲ್ಲಿ ಒಂದು ಚಿಕ್ಕ ಸ್ಟೀಲ್ ಡಬ್ಬಿ. ತನಿಖೆಯಕ್ಕನಿಗೆ ತಲೆಬಾಗಿಸಿದಳು, ಡಾಕ್ಟರಮ್ಮನನ್ನು ನೋಡಿದರೂ ನೋಡದ ಹಾಗೆ ಕಣ್ಣು ದಾಟಿಸಿದಳು. ಆಮೇಲೆ ಮೂಲೆಯಲ್ಲಿ ಕೋಟು ಹೊದ್ದು ಮಲಗಿದ್ದ ಮುದುಕನ ಮೇಲೆ ಆ ಕಣ್ಣು ನಿಂತಿತು.

ಅವಳ ಬೆನ್ನ ಹಿಂದೆ ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಕಣ್ಣು ಅಲ್ಲೇ ಇಟ್ಟು ತನಿಖೆಯಕ್ಕನನ್ನು ಪಿಸುದನಿಯಲ್ಲಿ ಕೇಳಿದಳು: "ಮಾವ ಇನ್ನೂ ಮಾತಾಡ್ತಿದ್ದಾರಾ?"